ನೀಲಿ ಗಾಡಿಯ ಹಿಂದಿನ ಗಾಜು

ಮಾರ್ಚ್ 4

ನಮಸ್ಕಾರ.

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ನಮ್ಮ ಮನೆಯಲ್ಲಿ ನಿಮಗಿದ್ದ ಹೆಸರು ಹಲ್ಲಪ್ಪ. ಕಟ್ಟುಹಲ್ಲು ಮಾಡುವವರು ಅಂತ ನಮ್ಮವರು ಇಟ್ಟದ್ದು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಪೊಟ್ಟಣ ಬಂದ ದಿನ ಅವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹತ್ತಿಯಲ್ಲಿ ಸುತ್ತಿದ ಬೆರಳುದ್ದದ ಬಂಪರನ್ನು ತಂದು, "ನೋಡೇ, ಹಲ್ಲಪ್ಪ ಎಂಥದ್ದು ಕಳಿಸಿದ್ದಾನೆ" ಅನ್ನುತ್ತಿದ್ದರು. ನಾನು ಹೂಂ ಅಂದು ಒಲೆಯ ಕಡೆ ತಿರುಗುತ್ತಿದ್ದೆ.

ಸುದ್ದಿ ನಿಮಗೆ ಯಾರೂ ತಿಳಿಸಿರಲಾರರು. ಜನವರಿ ಕೊನೆಯಲ್ಲಿ ಅವರು ಹೋಗಿಬಿಟ್ಟರು. ಎದೆ ಹಿಡಿದ ಹಾಗಾಗಿದೆ ಅಂದರು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಬಂದ ನಿಮ್ಮ ಪೊಟ್ಟಣವನ್ನು ಬಿಚ್ಚಿಲ್ಲ. ಬಿಚ್ಚಿದರೂ ಅದು ಯಾವ ಗಾಡಿಯ ಯಾವ ಭಾಗ ಅಂತ ನನಗೆ ಗೊತ್ತಾಗುವುದಿಲ್ಲ.

ಅವರ ಕೋಣೆಯ ಗೋಡೆ ತುಂಬ ಅವರೇ ಮಾಡಿದ ಪುಟ್ಟ ಗಾಡಿಗಳಿರುವುದು ನಿಮಗೆ ಗೊತ್ತೇ ಇದೆ. ಹಾಲಿನ ವ್ಯಾನು, ಮೀಟರಿನ ಟ್ಯಾಕ್ಸಿ, ಗಂಟೆ ಕಟ್ಟಿದ ಆಂಬುಲೆನ್ಸು, ಅಂಚೆಯ ಜೀಪು. ಒಂದೊಂದೂ ಚಪ್ಪಲಿಗಿಂತ ಉದ್ದವಿಲ್ಲ, ಒಂದೂ ಈಗ ರಸ್ತೆಯಲ್ಲಿ ಕಾಣುವುದಿಲ್ಲ. ದೊಡ್ಡ ರಸ್ತೆಯಲ್ಲಿ ಕಾರಿನ ಶೋರೂಮ್ ಇಟ್ಟುಕೊಂಡಿರುವವರು ಬಂದು, ಎಲ್ಲವನ್ನೂ ಗಾಜಿನ ಬೀರುವಿನಲ್ಲಿ ಇಟ್ಟು ಕೆಳಗೆ ನಮ್ಮವರ ಹೆಸರು ಬರೆಸುತ್ತೇವೆ ಅಂದರು. ಒಪ್ಪಿಕೊಂಡೆ. ಏಪ್ರಿಲ್ ಎರಡನೇ ಶನಿವಾರ ಅವರ ವ್ಯಾನು ಬರುತ್ತದೆ.

ಕೊಡುವುದಾದರೆ ಚೊಕ್ಕಟವಾಗಿ ಕೊಡಬೇಕಲ್ಲ. ನೌಕರಿ ಪೂರ್ತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ನೋಡಿಕೊಂಡವಳು ನಾನು. ಯಾವ ಕಲೆಗೆ ತಣ್ಣೀರು, ಯಾವುದಕ್ಕೆ ಬಿಸಿನೀರು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನಕ್ಷೆ ಬರೆಯುವ ಮನುಷ್ಯ, ಆಫೀಸಿನಲ್ಲಿ ಒಂದು ಗೆರೆ ಸೊಟ್ಟ ಬಿದ್ದರೆ ಸಹಿಸದವರು, ಗಾಡಿಗಳಿಗೆ ಮಾತ್ರ ಇಷ್ಟು ಕೊಳೆ ಹೇಗೆ ಹತ್ತಲು ಬಿಟ್ಟರೋ. ಚಕ್ರಕ್ಕೆ ಕೆಸರು, ಬಾಗಿಲಿಗೆ ತುಕ್ಕು. ಬೆಚ್ಚಗಿನ ಸೋಪಿನ ನೀರಲ್ಲಿ ಒಂದೊಂದನ್ನೂ ತೊಳೆದು ಬಿಸಿಲಿಗಿಟ್ಟೆ. ಎಲ್ಲಕ್ಕಿಂತ ಗಲೀಜಾಗಿದ್ದದ್ದು ನೀಲಿ ಬಣ್ಣದ್ದು. ಅದರ ಹಿಂದಿನ ಗಾಜಿನ ಮೇಲೆ ಏನೋ ಮೆತ್ತಿಕೊಂಡಿತ್ತು. ಕನ್ನಡಕದ ಕಾಲು ಮುರಿದು ರಿಪೇರಿಗೆ ಕೊಟ್ಟಿದ್ದೆ, ಅಂದಾಜಿನಲ್ಲೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಈಗ ಥಳಥಳ ಅನ್ನುತ್ತಿವೆ.

ಯಾವುದು ಯಾವ ಗಾಡಿ ಅಂತ ಬರೆದು ತಿಳಿಸಿದರೆ ಉಪಕಾರವಾಗುತ್ತದೆ. ಶೋರೂಮಿನವರು ಚೀಟಿ ಅಂಟಿಸುತ್ತಾರಂತೆ.

ಇಂತಿ,
ನಿಮ್ಮ ಗೆಳೆಯರ ಮನೆಯಾಕೆ


ಮಾರ್ಚ್ 17

ಅತ್ತಿಗೆಯವರಿಗೆ ನಮಸ್ಕಾರ.

ಅವರನ್ನು ಅಣ್ಣ ಅನ್ನುತ್ತಿದ್ದೆ, ಹಾಗಾಗಿ ನೀವು ಅತ್ತಿಗೆ. ಹಲ್ಲಪ್ಪ ಅನ್ನುವ ಹೆಸರಿಗೆ ಬೇಸರವೇನಿಲ್ಲ. ನಮ್ಮ ಬೀದಿಯವರು ಇಟ್ಟಿರುವ ಹೆಸರು ಕೇಳಿದರೆ ನೀವು ಇದೇ ವಾಸಿ ಅನ್ನುತ್ತೀರಿ.

ನಿಮ್ಮ ಕಾಗದ ಬಂದು ವಾರ ಕಳೆಯಿತು. ಉತ್ತರ ಬರೆಯಲು ಎಷ್ಟೋ ಸಲ ಕೂತು ಎದ್ದೆ. ಅಣ್ಣನ ಕಾಗದ ಯಾಕೆ ಬರಲಿಲ್ಲ ಅಂತ ಹೆಂಡತಿಯ ಹತ್ತಿರ ಸಿಡುಕುತ್ತಿದ್ದೆ, ಸೋಮಾರಿಯಾಗಿದ್ದಾರೆ ಅಂತ ಬೈದೂ ಇದ್ದೆ. ಬೈದ ಬಾಯಿಗೆ ಈಗ ಏನು ಹೇಳಲಿ.

ನಾವಿಬ್ಬರೂ ಸಿಕ್ಕಿದ್ದು ಒಂದು ಪ್ರದರ್ಶನದಲ್ಲಿ, ಅದೂ ಜಗಳವಾಡಿಕೊಂಡು. ನನ್ನ ಟ್ಯಾಕ್ಸಿಯ ಮುಂದಿನ ದೀಪ ಕೂದಲೆಳೆಯಷ್ಟು ಮೇಲಿದೆ ಅಂದರು. ನಿಮಗೇನ್ರೀ ಗೊತ್ತು ಅಂದೆ. ಜೇಬಿನಿಂದ ಅಳತೆಪಟ್ಟಿ ತೆಗೆದೇಬಿಟ್ಟರು. ಅವರು ಹೇಳಿದ್ದೇ ಸರಿಯಾಗಿತ್ತು. ಅಲ್ಲಿಂದ ಶುರುವಾದದ್ದು ನಮ್ಮ ಸ್ನೇಹ. ಚಹಾ ಸೋಸುವ ಜರಡಿಯಿಂದ ರೇಡಿಯೇಟರ್, ಮಾತ್ರೆಯ ಹಾಳೆಯಿಂದ ದೀಪದ ಬಟ್ಟಲು, ಹಳೆಯ ಪರ್ಸಿನ ಚರ್ಮದಿಂದ ಸೀಟು. ನಿಮ್ಮ ಕಂದು ಪರ್ಸು ಕಳೆದುಹೋಗಿದ್ದು ನೆನಪಿದೆಯಾ? ಅದು ಆಂಬುಲೆನ್ಸಿನ ಡ್ರೈವರ್ ಸೀಟಿನಲ್ಲಿದೆ. ತಾನು ಒಮ್ಮೆಯಾದರೂ ಕೂತು ಹೋಗದ ಗಾಡಿಯನ್ನು ಅಣ್ಣ ಮಾಡುತ್ತಲೇ ಇರಲಿಲ್ಲ. ಈಚೆಗೆ ಇಬ್ಬರಿಗೂ ಬಿಡುವು ಬೇಕಾದಷ್ಟಿತ್ತು, ಆದರೆ ಅವರಿಗೆ ಕೈ ನಡುಗುತ್ತಿತ್ತು, ನನಗೆ ಕಣ್ಣು ಮಂಜು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಹಲ್ಲಿನವನಿಗೇ ಹೇಳಿ ನಗುತ್ತಿದ್ದರು.

ತೊಳೆದದ್ದು ಒಳ್ಳೆಯದೇ ಆಯಿತು. ಗಾಡಿಗಳ ವಿವರ ಬೇರೆ ಹಾಳೆಯಲ್ಲಿದೆ.

ಒಂದು ಬೇಡಿಕೆ. ನೀಲಿ ಗಾಡಿಯನ್ನು ಶೋರೂಮಿಗೆ ಕೊಡಬೇಡಿ, ನನಗೆ ಕಳಿಸಿಕೊಡಿ. ಯಾಕೆ ಅಂತ ಕೇಳಬೇಡಿ. ಹಳೆಯ ಗೆಳೆಯನ ಹಟ ಅಂತಿಟ್ಟುಕೊಳ್ಳಿ.

ನಿಮ್ಮ,
ಹಲ್ಲಪ್ಪ


ಮಾರ್ಚ್ 25

ನಮಸ್ಕಾರ.

ನಿಮ್ಮ ಕಾಗದ ಬಂದ ಮಾರನೇ ದಿನವೇ ಶೋರೂಮಿನವರು ಅಳತೆ ತೆಗೆಯಲು ಬಂದರು. ಗಾಡಿಗಳನ್ನು ನೋಡಿ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ಅಮ್ಮಾ, ಇವನ್ನ ಯಾರು ತೊಳೆದ್ರು? ಆ ಧೂಳು, ತುಕ್ಕು ಎಲ್ಲಾ ಬಣ್ಣದ ಪುಡಿಯಲ್ಲಿ ಬೇಕು ಅಂತಲೇ ಮಾಡಿದ್ದು. ಅದೇ ಅಲ್ವಾ ಇವುಗಳ ಜೀವ" ಅಂದರು. ನನಗೆ ನಿಂತ ನೆಲ ಬಾಯಿಬಿಡಬಾರದಾ ಅನ್ನಿಸಿತು.

ನಿಮಗೆ ಇದು ಗೊತ್ತಿತ್ತು. ಗೊತ್ತಿದ್ದೂ ಒಳ್ಳೆಯದೇ ಆಯಿತು ಅಂತ ಬರೆದಿರಿ. ಅದೇ ಕಾಗದದಲ್ಲಿ ನೀಲಿ ಗಾಡಿಯನ್ನೂ ಕೇಳಿದಿರಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಮನೆಯವರಿಗೆ ಗೊತ್ತಾಗುವುದಿಲ್ಲವೇ? ಎಲ್ಲ ಗಾಡಿಗಳಲ್ಲಿ ಅದೇ ಒಳ್ಳೆಯದು, ಅದಕ್ಕೇ ಕೇಳಿದಿರಿ ಅಂತ ಈಗ ನನಗೂ ಅರ್ಥವಾಯಿತು. ಅದು ಯಾವ ಗಾಡಿ ಅಂತಲೂ ನನಗೆ ಗೊತ್ತು. ನಮ್ಮದೇ ಗಾಡಿ ಅದು, ಸೆಕೆಂಡ್ ಹ್ಯಾಂಡಿಗೆ ಕೊಂಡದ್ದು. ಈ ಮನೆಯಲ್ಲಿ ನಾನು ನೋಡಲು ಇಷ್ಟಪಡದ ವಸ್ತು ಒಂದಿದ್ದರೆ ಅದೇ.

ನಮಗೊಬ್ಬಳು ಮಗಳಿದ್ದಳು. ಅವರು ನಿಮಗೆ ಹೇಳಿದ್ದಾರೋ ಇಲ್ಲವೋ, ಹೇಳಿರಲಾರರು. ಕೂತಲ್ಲಿ ಕೂರದವಳು, ಮಿಡತೆ ಅಂತಲೇ ಕರೆಯುತ್ತಿದ್ದೆವು. ಆರು ವರ್ಷಕ್ಕೆ ಜ್ವರ ಬಂತು. ಅದೇ ಗಾಡಿಯಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಗೇ ಕರೆದುಕೊಂಡು ಹೋದೆವು, ವಾಪಸ್ಸು ಬಂದದ್ದು ನಾವಿಬ್ಬರೇ. ಮಾರನೇ ಬೆಳಿಗ್ಗೆ ನಾನು ಗಾಡಿ ತೊಳೆದೆ. ಜನ ಬರುವವರಿದ್ದರು, ಕೈಗೊಂದು ಕೆಲಸ ಬೇಕಿತ್ತು. ಅವರು ಬಾಗಿಲಲ್ಲಿ ಬಂದು ನಿಂತರು. "ಇವತ್ತೇ ತೊಳೀಬೇಕಿತ್ತಾ?" ಅಂದರು. ಅಷ್ಟೇ. ಮಗಳನ್ನು ಕಳೆದುಕೊಂಡ ಅಪ್ಪನಿಗೆ ಅವತ್ತು ಗಾಡಿಯ ಚಿಂತೆ. ಒಂದು ಹನಿ ಕಣ್ಣೀರು ಬರಲಿಲ್ಲ. ತಿಂಗಳು ತುಂಬುವುದರೊಳಗೆ ನನ್ನನ್ನು ಒಂದು ಮಾತೂ ಕೇಳದೆ ಗಾಡಿ ಮಾರಿದರು. ಆಮೇಲೆ ಆ ಕೋಣೆ ಸೇರಿಕೊಂಡರು. ಕತ್ತರಿ, ಅಂಟು, ಬಣ್ಣ. ನಾನೊಬ್ಬಳು ಅಡುಗೆಮನೆಯಲ್ಲಿ, ಅವರೊಬ್ಬರು ಅಲ್ಲಿ. ಮಗಳ ಮಾತು ನಾನು ತೆಗೆದರೆ ತುಟಿ ಪಿಟಕ್ ಅನ್ನುತ್ತಿರಲಿಲ್ಲ. ಕಲ್ಲಿನ ಜೊತೆ ಸಂಸಾರ ಮಾಡಿದೆ ಅಂತ ಹೇಳಬಾರದು, ಹೋದವರ ಬಗ್ಗೆ. ಆದರೆ ಮಾಡಿದೆ.

ನೀಲಿ ಗಾಡಿ ಉಳಿದವುಗಳ ಜೊತೆಗೇ ಹೋಗುತ್ತದೆ. ನಿಮ್ಮ ಬೀರು ತುಂಬಿಸಲು ಬೇರೆ ಎಲ್ಲಾದರೂ ನೋಡಿಕೊಳ್ಳಿ.


ಮಾರ್ಚ್ 31

ಅತ್ತಿಗೆಯವರಿಗೆ,

ಸುಳ್ಳು ಹೇಳಿದ್ದು ನಿಜ. ತೊಳೆದಾದ ಮೇಲೆ, ತೊಳೆಯಬಾರದಿತ್ತು ಅಂತ ಹೇಳಿ ಏನು ಪ್ರಯೋಜನ, ನಿಮಗೆ ಇನ್ನಷ್ಟು ನೋವು ಯಾಕೆ ಅಂದುಕೊಂಡೆ. ನನ್ನ ಜಾಣತನ ಇಷ್ಟೇ. ಹೊಟ್ಟೆಗೆ ಹಾಕಿಕೊಳ್ಳಿ.

ಕೊಳೆ ಹತ್ತಿಸುವುದಕ್ಕೆ ನಾವಿಬ್ಬರೂ 'ಓಡಿಸುವುದು' ಅನ್ನುತ್ತಿದ್ದೆವು. ಹೊಸ ಗಾಡಿಯನ್ನು ಯಾರು ಬೇಕಾದರೂ ಮಾಡಿಯಾರು, ರಸ್ತೆಯಲ್ಲಿ ಓಡಿದ ಗಾಡಿ ಮಾಡುವುದೇ ಕಷ್ಟ. ಡ್ರೈವರನ ಮೊಣಕೈ ತಾಗಿ ಬಾಗಿಲಿನ ಬಣ್ಣ ಎಲ್ಲಿ ಸವೆಯುತ್ತದೆ, ಹಾಲಿನ ಕ್ಯಾನು ಬಡಿದು ಎಲ್ಲಿ ತಗ್ಗಾಗುತ್ತದೆ, ಇದನ್ನೆಲ್ಲ ಅಣ್ಣ ನೋಡಿ ಇಟ್ಟುಕೊಂಡಿದ್ದರು. ಸೀಮೆಸುಣ್ಣ ಅರೆದು, ಅದಕ್ಕೆ ಕಂದು ಬಣ್ಣದ ಪುಡಿ ಸೇರಿಸಿ, ಬೆಕ್ಕಿನ ಕೂದಲಿನ ಕುಂಚದಿಂದ ಕೂರಿಸುವುದು. ಸೋಪಿನ ನೀರಿಗೆ ಅದು ನಿಲ್ಲುವುದಿಲ್ಲ. ಆದರೆ ನಿಮಗೆ ಹೇಗೆ ಗೊತ್ತಾಗಬೇಕು? ನಿಮ್ಮಿಂದ ತಪ್ಪೇನೂ ಆಗಿಲ್ಲ.

ನೀಲಿ ಗಾಡಿ ನನಗೆ ಬೇಡ. ಅದರ ಆಸೆಗೆ ಕೇಳಿದ್ದಲ್ಲ. ನಿಮ್ಮ ಮನೆಯಲ್ಲೇ ಇರಲಿ, ಬೇಕಾದರೆ ಕಪಾಟಿನಲ್ಲಿ ಬೀಗ ಹಾಕಿಡಿ. ಹೊರಗೆ ಮಾತ್ರ ಕೊಡಬೇಡಿ. ಅಣ್ಣ ಕಲ್ಲಲ್ಲ, ಅತ್ತಿಗೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಅಪ್ಪಣೆಯಿಲ್ಲ.

ಹಲ್ಲಪ್ಪ


ಏಪ್ರಿಲ್ 6

ಯಾರ ಅಪ್ಪಣೆ? ಒಗಟು ಬಿಡಿಸುವ ವಯಸ್ಸು ನನ್ನದಲ್ಲ. ಅವರು ಕಲ್ಲಲ್ಲ ಅಂತ ಅವರ ಜೊತೆ ಬಾಳಿದವಳಿಗೆ, ಬಾಳದವರು ಹೇಳಬೇಕಾಗಿಲ್ಲ.

ಈ ಶನಿವಾರ ವ್ಯಾನು ಬರುತ್ತದೆ. ಎಲ್ಲ ಗಾಡಿಗಳನ್ನೂ ಕಾಗದದಲ್ಲಿ ಸುತ್ತಿಟ್ಟಾಯಿತು. ಇನ್ನು ಕಾಗದ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.


ಏಪ್ರಿಲ್ 9

ಅತ್ತಿಗೆ,

ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, ಶನಿವಾರದ ಮೊದಲೇ ಮುಟ್ಟುತ್ತದೆ. ಫೋನಿನಲ್ಲಿ ಹೇಳುವ ಮಾತಲ್ಲ. ಓದುವಾಗ ಕೂತುಕೊಳ್ಳಿ.

ನೀಲಿ ಗಾಡಿಯ ಹಿಂದಿನ ಗಾಜು ಮಾಡಿದವನು ನಾನು, ಹಲ್ಲಿನ ಕೆಲಸಕ್ಕೆ ಬಳಸುವ ಬಣ್ಣವಿಲ್ಲದ ಅಕ್ರಿಲಿಕ್ಕಿನಿಂದ. ಬೆಂಕಿಪೊಟ್ಟಣದಷ್ಟು ಗಾಜು. ಇನ್ನೂ ತಿಳಿಯಾಗಬೇಕು ಅಂತ ಮತ್ತೆ ಮತ್ತೆ ವಾಪಸ್ಸು ಕಳಿಸಿದರು. ಹೇಗೂ ಧೂಳು ಕೂರಿಸುತ್ತೀರಿ, ತಿಳಿಯಾಗಿದ್ದರೆಷ್ಟು ಬಿಟ್ಟರೆಷ್ಟು ಮಾರಾಯರೇ ಅಂತ ಗೊಣಗಿದ್ದೆ. ಗಾಡಿ ಮುಗಿದ ಮೇಲೆ ಶೂ ಡಬ್ಬಿಯಲ್ಲಿ ಹತ್ತಿ ತುಂಬಿ ನಮ್ಮ ಮನೆಗೇ ತಂದರು. ನಿಮಗೆ ಆಫೀಸಿನ ಕೆಲಸ ಅಂತ ಹೇಳಿ ಬಂದಿದ್ದರಂತೆ.

ಹಿಂದಿನ ಗಾಜಿನ ತುಂಬ ಧೂಳು ಕೂರಿಸಿದ್ದರು. ಅದರ ಎಡಮೂಲೆಯಲ್ಲಿ ಕಡಲೆಕಾಳಿನಷ್ಟು ಒಂದು ಕೈ. ಪುಟ್ಟ ಅಂಗೈ, ಐದು ಬೆರಳು. ಅಷ್ಟು ಜಾಗದಲ್ಲಿ ಮಾತ್ರ ಧೂಳಿಲ್ಲದೆ ಗಾಜು ಕಾಣುತ್ತಿತ್ತು. ನಾನು ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ನೋಡಿದೆ. ಇದೇನಣ್ಣ ಅಂದೆ.

"ಆಸ್ಪತ್ರೆಗೆ ಹೊರಟಾಗ ಅವಳನ್ನ ಹೆಗಲ ಮೇಲೆ ಹಾಕ್ಕೊಂಡಿದ್ದೆ ಕಣೋ. ಬಾಗಿಲು ತೆಗೆಯೋಕೆ ಬಗ್ಗಿದಾಗ ಜೋಲಿ ಹೊಡೆದು ಹಿಂದಿನ ಗಾಜಿಗೆ ಕೈ ಊರಿದಳು. ವಾಪಸ್ ಬಂದು ಗಾಡಿ ನಿಲ್ಲಿಸಿದಾಗ ನೋಡಿದೆ, ಹಾಗೇ ಇತ್ತು. ಇದನ್ನ ಹೀಗೇ ಇಟ್ಕೊಳ್ಳೋಣ, ಯಾರನ್ನೂ ಮುಟ್ಟೋಕೆ ಬಿಡಬಾರದು ಅಂದ್ಕೊಂಡೆ. ಬೆಳಿಗ್ಗೆ ನೀರಿನ ಸದ್ದಾಯ್ತು. ಹೊರಗೆ ಬಂದೆ. ಅಷ್ಟರಲ್ಲಿ ಒರೆಸಿ ಆಗಿತ್ತು."

ಅವತ್ತು ಅವರು ಇವತ್ತೇ ತೊಳೀಬೇಕಿತ್ತಾ ಅಂದದ್ದು ಗಾಡಿಯ ಚಿಂತೆಗಲ್ಲ ಅತ್ತಿಗೆ.

"ನಿನ್ನ ಅತ್ತಿಗೆಗೆ ಇದು ಗೊತ್ತಿಲ್ಲ. ಗೊತ್ತಾದ್ರೆ ಒರೆಸಿದ ತನ್ನ ಕೈನ ಅವಳು ಜನ್ಮದಲ್ಲಿ ಕ್ಷಮಿಸಲ್ಲ. ಗಾಡಿ ಕಣ್ಣ ಮುಂದೆ ಇದ್ರೆ ಯಾವತ್ತಾದ್ರೂ ಬಾಯಿ ತಪ್ಪಿ ಅಂದುಬಿಡ್ತೀನಿ ಅಂತ ಮಾರಿದೆ. ಮಗು ಮಾತು ತೆಗೆದ್ರೂ ಅಲ್ಲಿಗೇ ಬರುತ್ತೆ, ಅದಕ್ಕೇ ಬಾಯಿ ಮುಚ್ಕೊಂಡಿರ್ತೀನಿ. ನೀನೂ ಹೇಳಬಾರದು" ಅಂದರು. ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಇಷ್ಟು ವರ್ಷ ಉಳಿಸಿಕೊಂಡಿದ್ದೆ.

ಬ್ರಷ್ಷಿನಿಂದ ಉಜ್ಜಿದೆ ಅಂತ ನೀವು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಹೇಳಿದರೆ ಎರಡನೇ ಸಲವೂ ನೀವೇ ಒರೆಸಿದಿರಿ ಅಂತ ಹೇಳಿದ ಹಾಗಾಗುತ್ತದೆ. ಹೇಳದಿದ್ದರೆ ಅವರು ನಿಮ್ಮ ಪಾಲಿಗೆ ಕಲ್ಲಾಗಿಯೇ ಉಳಿಯುತ್ತಾರೆ. ಈಗ ಮಾತು ಮುರಿದಿದ್ದೇನೆ. ಬೈಯುವುದಾದರೆ ನನ್ನನ್ನು ಬೈಯಿರಿ.

ಆ ಕೈ ನನ್ನ ಕಣ್ಣಲ್ಲಿದೆ. ನೀವು ಹೂಂ ಅಂದರೆ ಧೂಳು ಕೂರಿಸಿ ಮತ್ತೆ ಮಾಡಿಕೊಡುತ್ತೇನೆ. ಗಾಡಿಯನ್ನು ಮಾತ್ರ ಕೊಟ್ಟುಬಿಡಬೇಡಿ.

ಹಲ್ಲಪ್ಪ


ಮೇ 21

ಹಲ್ಲಪ್ಪನವರಿಗೆ ನಮಸ್ಕಾರ.

ತಡವಾಯಿತು. ಬರೆಯಲಿಲ್ಲ ಅಂತ ನೀವು ಏನೇನು ಅಂದುಕೊಂಡಿರೋ. ಕೊರಿಯರಿನವನು ಬಂದದ್ದು ಶುಕ್ರವಾರ ಮಧ್ಯಾಹ್ನ. ಶನಿವಾರ ವ್ಯಾನು ಬಂತು, ಎಲ್ಲವನ್ನೂ ಕೊಟ್ಟೆ. ನೀಲಿ ಗಾಡಿಯನ್ನು ಕೊಡಲಿಲ್ಲ. ಶೋರೂಮಿನವರು ಬಾಗಿಲಲ್ಲಿ ನಿಂತು ಅದೊಂದಕ್ಕಾಗಿ ಬಹಳ ಹೊತ್ತು ಗೋಗರೆದರು. ಆಗುವುದಿಲ್ಲ ಅಂದುಬಿಟ್ಟೆ.

ಈಗ ನನ್ನ ಸರದಿ. ಇದನ್ನು ನಾನೂ ಯಾರಿಗೂ ಹೇಳಿಲ್ಲ.

ಆ ಕೈಯನ್ನು ನಾನು ನೋಡಿದ್ದೆ.

ಬೆಳಿಗ್ಗೆ ಬಾಗಿಲು ತೆಗೆದಾಗಲೇ ಕಂಡಿತು. ಬೆರಳು ಬೆರಳೂ ಕಾಣುತ್ತಿತ್ತು. ಕಿರುಬೆರಳು ಸ್ವಲ್ಪ ಜಾರಿ ಉದ್ದವಾಗಿತ್ತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಆಮೇಲೆ ಅನ್ನಿಸಿದ್ದು ಒಂದೇ, ಇವರು ಎದ್ದು ಬಂದು ಇದನ್ನು ನೋಡಿದರೆ ತಡೆದುಕೊಳ್ಳುವುದಿಲ್ಲ. ಅವಳನ್ನು ನೆಲಕ್ಕೆ ಇಳಿಸದೆ ಹೊತ್ತವರು ಅವರು. ಅವರು ಏಳುವುದರೊಳಗೆ ಇದು ಇರಬಾರದು ಅಂತ ಬಕೆಟ್ ತಂದೆ. ಅದೊಂದನ್ನೇ ಒರೆಸಿದರೆ ಅನುಮಾನ ಬರುತ್ತದೆ ಅಂತ ಇಡೀ ಗಾಡಿ ತೊಳೆದೆ. ಬಾನೆಟ್ಟಿನಿಂದ ಶುರುಮಾಡಿ ಆ ಗಾಜನ್ನು ಕೊನೆಗೆ ಇಟ್ಟುಕೊಂಡೆ. ಅಷ್ಟರಲ್ಲಿ ಬಕೆಟ್ಟಿನ ನೀರು ಕಪ್ಪಾಗಿತ್ತು. ಆ ನೀರು ಅದಕ್ಕೆ ಮುಟ್ಟಿಸಲು ಮನಸ್ಸು ಬರಲಿಲ್ಲ, ಒಳಗೆ ಹೋಗಿ ಬೇರೆ ನೀರು ಹಿಡಿದು ತಂದೆ.

ಅವರು ನನಗಾಗಿ ಬಾಯಿ ಮುಚ್ಚಿಕೊಂಡರು, ನಾನು ಅವರಿಗಾಗಿ ಮುಚ್ಚಿಕೊಂಡೆ. ಒಂದೇ ಮನೆ, ಒಂದೇ ಗಾಜು. ಎಂಥ ಬುದ್ಧಿವಂತರು ನೋಡಿ ನಾವಿಬ್ಬರೂ. ಒಬ್ಬರು ಬಾಯಿ ಬಿಟ್ಟಿದ್ದರೂ ಸಾಕಿತ್ತು. ಕೂತು ಇಬ್ಬರೂ ಅತ್ತುಬಿಡುತ್ತಿದ್ದೆವು. ಆ ಕೋಣೆಯ ಬಾಗಿಲು ಹಾಕಿಕೊಳ್ಳುವ ಅಗತ್ಯವೇ ಅವರಿಗೆ ಬರುತ್ತಿರಲಿಲ್ಲ. ಈ ಒಂದು ತಿಂಗಳು ನನಗೆ ಇದೇ ಸಂಕಟ. ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ಗೊತ್ತಾಗುವುದಿಲ್ಲ. ಅವರ ಕುರ್ಚಿಯಲ್ಲಿ ಕೂತು ಗೋಡೆಯ ಖಾಲಿ ಹಲಗೆ ನೋಡುತ್ತೇನೆ.

ಕೈ ಮತ್ತೆ ಮಾಡಿಕೊಡುತ್ತೇನೆ ಅಂದಿರಿ. ಬೇಡ. ನೀವು ಮಾಡಿದರೆ ಅದು ನಿಮ್ಮ ಕೆಲಸವಾಗುತ್ತದೆ, ಅವರದ್ದಲ್ಲ.

ಆದರೆ ಒಂದು ಕೇಳುತ್ತೇನೆ. ನಾನು ಆಸ್ಪತ್ರೆಯ ಒಗೆಯುವ ಯಂತ್ರಗಳ ಪಕ್ಕದಲ್ಲಿ ನಿಂತು ಅಳುತ್ತಿದ್ದೆ. ಆ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಅವರಿಗೆ ಅಂಥ ಜಾಗ ಎಲ್ಲಿತ್ತು? ಅವರ ಬಾಯಿಂದ ಅವಳ ಮಾತು ಕೇಳಿದವರು ಈ ಲೋಕದಲ್ಲಿ ನೀವೊಬ್ಬರೇ. ಅವತ್ತು ನಿಮ್ಮ ಮನೆಯಲ್ಲಿ ಅವರು ಅತ್ತರಾ? ನನ್ನ ಸಮಾಧಾನಕ್ಕೆ ಅಂತ ಇನ್ನೊಂದು ಸುಳ್ಳು ಬರೆಯಬೇಡಿ. ಅತ್ತಿದ್ದರೆ ಅತ್ತರು ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ.


ಮೇ 26

ಅತ್ತಿಗೆ,

ಅತ್ತರು.

ಕೈಯ ವಿಷಯ ಹೇಳುವವರೆಗೂ ಗಟ್ಟಿಯಾಗಿಯೇ ಇದ್ದರು. ಮಿಡತೆ ಅನ್ನುವ ಹೆಸರು ಬಾಯಿಗೆ ಬಂದದ್ದೇ ತಡ, ಮುಂದೆ ಮಾತಾಡಲು ಆಗಲಿಲ್ಲ. ನನ್ನ ಕೆಲಸದ ಮೇಜಿಗೆ ತಲೆಯಿಟ್ಟು ಮಕ್ಕಳ ಹಾಗೆ ಅತ್ತರು. ಚಹಾ ತಂದ ನನ್ನ ಹೆಂಡತಿ ಬಾಗಿಲಿಂದಲೇ ವಾಪಸ್ಸು ಹೋದಳು. ನಾನು ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ.

ಆಮೇಲೆ ಎದ್ದು ಮುಖ ತೊಳೆದು ಕನ್ನಡಿ ಕೇಳಿದರು. ಕಣ್ಣು ನೋಡಿಕೊಂಡರು. "ಈ ರೈಲು ಬೇಡ ಕಣೋ, ಮುಂದಿನದಕ್ಕೆ ಹೋಗ್ತೀನಿ. ಈ ಊತ ಇಳಿಯೋವರೆಗೂ ಇಲ್ಲೇ ಕೂತಿರ್ತೀನಿ. ಮನೆ ಹೊಕ್ಕ ತಕ್ಷಣ ಅವಳು ಮೊದಲು ನನ್ನ ಕಣ್ಣು ನೋಡ್ತಾಳೆ" ಅಂದರು. ಕಣ್ಣಿನ ಮೇಲೆ ಒದ್ದೆ ಹತ್ತಿ ಇಟ್ಟುಕೊಂಡು ನಮ್ಮ ಬೆಂಚಿನ ಮೇಲೆ ಮಲಗಿದ್ದರು. ಹಾಗೇ ಇನ್ನೊಂದು ರೈಲೂ ಹೋಯಿತು.

ತಡವಾಗಿ ಬಂದದ್ದಕ್ಕೆ ಅವತ್ತು ನೀವು ಚೆನ್ನಾಗಿ ಬೈದಿರಂತೆ.